ಸೇತುವೆಯ ಆ ಕಡೆ, ಈ ಕಡೆ: ಡೆಲವೇರ್ ನದಿ ದಡದ ಒಂದು ಡಿಯುಐ ಪ್ರಕರಣ

ಅಮೆರಿಕದ ಡೆಲವೇರ್ ನದಿಯ ಒಂದು ದಡ ನ್ಯೂಜೆರ್ಸಿ ರಾಜ್ಯ, ಇನ್ನೊಂದು ದಡ ಪೆನ್ಸಿಲ್ವೇನಿಯಾ. ಟ್ರೆಂಟನ್ ನಗರದಿಂದ ಸ್ವಲ್ಪ ಮೇಲಕ್ಕೆ, ಐ-295 ಹೆದ್ದಾರಿ ನದಿ ದಾಟುವಲ್ಲಿ ಸ್ಕಡರ್ ಫಾಲ್ಸ್ ಸೇತುವೆ ಇದೆ. ಪ್ರಿನ್ಸ್‌ಟನ್ ಸುತ್ತಮುತ್ತ ಕೆಲಸ, ಮನೆ ಮಾತ್ರ ಪೆನ್ಸಿಲ್ವೇನಿಯಾದಲ್ಲಿ ಎಂಬವರು ದಿನಾ ಓಡಾಡುವ ದಾರಿ ಅದು. ಟೋಲ್ ಕೂಡ ಪೆನ್ಸಿಲ್ವೇನಿಯಾ ಕಡೆಗೆ ಹೋಗುವಾಗ ಮಾತ್ರ. ಡಿಯುಐ ಎಂದರೆ ಕುಡಿದು ಗಾಡಿ ಓಡಿಸುವುದು; ಈ ಪ್ರಕರಣ ನಡೆದದ್ದು ಸೇತುವೆ ದಾಟಿ ಪೆನ್ಸಿಲ್ವೇನಿಯಾಕ್ಕೆ ಬಂದ ಮೇಲೆ. ಐದು ನಿಮಿಷ ಮೊದಲು, ನ್ಯೂಜೆರ್ಸಿ ದಡದಲ್ಲೇ ನಡೆದಿದ್ದರೆ ನ್ಯಾಯಾಲಯ ಬೇರೆ, ಶಿಕ್ಷೆ ಬೇರೆ, ದಾಖಲೆಯ ಗತಿಯೂ ಬೇರೆ.

ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ಬರುವ ಎಂಜಿನಿಯರ್ ಯಾವ ಒಬ್ಬ ವ್ಯಕ್ತಿಯೂ ಅಲ್ಲ. ಎಚ್-1ಬಿ ಎಂಬ ಉದ್ಯೋಗ ವೀಸಾದಲ್ಲಿರುವವರ ಡಿಯುಐ ಕೇಸುಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಕೂಡಿಸಿ ಕಟ್ಟಿದ ಪ್ರಕರಣ ಇದು. ಕಾನೂನು ಮಾತ್ರ ಇದ್ದದ್ದು ಇದ್ದ ಹಾಗೆ.

ಆ ರಾತ್ರಿ

ವಯಸ್ಸು ಮೂವತ್ನಾಲ್ಕು, ಊರು ದಾವಣಗೆರೆ, ಮನೆ ಪೆನ್ಸಿಲ್ವೇನಿಯಾದ ಯಾರ್ಡ್ಲಿಯಲ್ಲಿ. ಹೆಂಡತಿಗೆ ಎಚ್-4, ಅಂದರೆ ಅವಲಂಬಿತರ ವೀಸಾ; ನಾಲ್ಕು ವರ್ಷದ ಮಗಳು ಅಲ್ಲೇ ಹುಟ್ಟಿದವಳು. ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಐ-140 ಅರ್ಜಿ ಮಂಜೂರಾಗಿದೆ, ಕಾರ್ಡಿನ ಸರತಿ ಮಾತ್ರ ಭಾರತೀಯರಿಗೆ ಗೊತ್ತೇ ಇದೆ. ನ್ಯೂಜೆರ್ಸಿಯ ಪ್ಲೇನ್ಸ್‌ಬರೋದ ಗೆಳೆಯನ ಮನೆಯಲ್ಲಿ ಹುಟ್ಟುಹಬ್ಬದ ಪಾರ್ಟಿ. ಒಂಬತ್ತೂವರೆಗೆ ಮಗಳಿಗೆ ನಿದ್ದೆ ಬಂತು. ಹೆಂಡತಿ ಪಕ್ಕದ ಮನೆಯವರ ಕಾರಿನಲ್ಲಿ ಮಗುವನ್ನು ಕರೆದುಕೊಂಡು ಹೊರಟಳು. ಈತ ಉಳಿದ. ಮುಂದೆ ಇಡೀ ಕೇಸಿನ ದಿಕ್ಕು ನಿರ್ಧರಿಸಿದ್ದು ಆ ಮಗು ಕಾರಿನಲ್ಲಿ ಇರಲಿಲ್ಲ ಎಂಬ ಸಂಗತಿ. ಅದು ಆಮೇಲೆ.

ಮನೆಯಲ್ಲಿ ಸುರಿಯುವ ಸ್ಕಾಚ್‌ಗೆ ಬಾರಿನ ಅಳತೆ ಇರುವುದಿಲ್ಲ. ಮೂರು ಗ್ಲಾಸ್ ಅಂದುಕೊಂಡದ್ದು ಐದರ ಲೆಕ್ಕ ಆಗಿರುತ್ತದೆ. ಮಧ್ಯರಾತ್ರಿ ದಾಟಿದ ಮೇಲೆ ಹೊರಟ, ಸೇತುವೆ ದಾಟಿದ, ಎರಡು ಸಲ ಪಟ್ಟೆ ತುಳಿದ. ಹಿಂದೆ ಕೆಂಪು–ನೀಲಿ ದೀಪ. "ಎಷ್ಟು ಕುಡಿದಿದ್ದೀರಿ?" ಎಂದಾಗ ಎಲ್ಲರೂ ಹೇಳುವುದನ್ನೇ ಹೇಳಿದ: ಎರಡು ಬಿಯರ್. ಆ ಉತ್ತರ ಯಾರನ್ನೂ ಉಳಿಸಿಲ್ಲ, ಪೊಲೀಸ್ ವರದಿಯಲ್ಲಿ ಮಾತ್ರ ನೀಟಾಗಿ ಕೂರುತ್ತದೆ. ನಂತರ ರಸ್ತೆ ಬದಿಯ ಮೂರು ಪರೀಕ್ಷೆಗಳು. ಪೆನ್ನಿನ ತುದಿಯನ್ನೇ ಕಣ್ಣಿನಲ್ಲಿ ಹಿಂಬಾಲಿಸುವುದು. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಒಂಬತ್ತು ಹೆಜ್ಜೆ ಹೋಗಿ, ತಿರುಗಿ, ಒಂಬತ್ತು ಹೆಜ್ಜೆ ಬರುವುದು. ಒಂಟಿ ಕಾಲಿನಲ್ಲಿ ನಿಲ್ಲುವುದು. ಒಂಟಿ ಕಾಲಿನಲ್ಲಿ ಎರಡು ಸಲ ಕಾಲು ಊರಿದ. ಕೈಗೆ ಕೋಳ ಬಿತ್ತು.

ಠಾಣೆಯಲ್ಲಿ ಡಿಎಲ್-26 ಎಂಬ ಫಾರಂ ಓದಿ ಹೇಳಿದರು: ಪರೀಕ್ಷೆಗೆ ಒಪ್ಪದಿದ್ದರೆ ಲೈಸೆನ್ಸ್ ಕನಿಷ್ಠ 12 ತಿಂಗಳು ಅಮಾನತು. ಈತ ಒಪ್ಪಿ ಊದಿದ. 0.11. ಅಂದರೆ 100 ಮಿಲಿಲೀಟರ್ ರಕ್ತಕ್ಕೆ 110 ಮಿಲಿಗ್ರಾಂ ಮದ್ಯ. ಬೆರಳಚ್ಚು, ಫೋಟೋ ಆಯಿತು. ಬೆಳಗಿನ ಜಾವ ಗೆಳೆಯ ಬಂದು ಕರೆದುಕೊಂಡು ಹೋದ.

ಮರುದಿನ ಈತ ಅಂದುಕೊಂಡದ್ದು ನಮ್ಮಲ್ಲಿ ಹೆಚ್ಚಿನವರು ಅಂದುಕೊಳ್ಳುವುದನ್ನೇ: ದಂಡ ಕಟ್ಟಿದರೆ ಮುಗಿಯಿತು. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಬೀದರ್‌ಗೂ ಒಂದೇ, ಬಾರ್ಮೇರ್‌ಗೂ ಒಂದೇ. ಮಿತಿ 100 ಮಿಲಿಲೀಟರಿಗೆ 30 ಮಿಲಿಗ್ರಾಂ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅಮೆರಿಕದ ಮಿತಿ ನಮ್ಮದಕ್ಕಿಂತ ಸಡಿಲ, 80 ಮಿಲಿಗ್ರಾಂ. ಅದನ್ನು ಕೇಳಿ ಸಮಾಧಾನಪಟ್ಟುಕೊಳ್ಳುವವರೂ ಇದ್ದಾರೆ.

ಒಂದೇ ದೇಶ, ಐವತ್ತು ಕಾಯ್ದೆ

ಅಲ್ಲಿ ಕುಡಿದು ಗಾಡಿ ಓಡಿಸುವುದು ರಾಜ್ಯಗಳ ವಿಷಯ. ಕೇಂದ್ರ ಸರ್ಕಾರ ನೇರವಾಗಿ ಆಜ್ಞೆ ಮಾಡಲಾಗದ್ದನ್ನು ಹೆದ್ದಾರಿ ಅನುದಾನ ಹಿಡಿದುಕೊಂಡು ಮಾಡಿಸುತ್ತದೆ. ಕುಡಿಯುವ ವಯಸ್ಸು 21 ಎಂಬುದನ್ನು 1984ರಲ್ಲಿ ಹೀಗೇ ತಂದರು. ಸೌತ್ ಡಕೋಟಾ ಕೋರ್ಟಿಗೆ ಹೋಗಿ 1987ರಲ್ಲಿ ಸೋತಿತು. 0.08 ಮಿತಿಯೂ 2000ದ ಕಾಯ್ದೆಯ ನಂತರ ಅದೇ ದಾರಿಯಲ್ಲಿ ಎಲ್ಲ ರಾಜ್ಯಗಳಿಗೂ ಬಂತು. ಯೂಟಾ ಮಾತ್ರ ಇನ್ನೂ ಕೆಳಗಿಳಿದು 2018ರ ಕೊನೆಯಲ್ಲಿ 0.05 ಮಾಡಿಕೊಂಡಿತು.

ಅಂಕಿ ಒಂದಾಯಿತು, ಉಳಿದದ್ದು ಯಾವುದೂ ಒಂದಾಗಲಿಲ್ಲ. ಇದು ಅಪರಾಧವೋ ಸಂಚಾರ ಉಲ್ಲಂಘನೆಯೋ, ಜೈಲು ಕಡ್ಡಾಯವೋ ಅಲ್ಲವೋ, ಮೊದಲ ಸಲ ಸಿಕ್ಕಿಬಿದ್ದವನಿಗೆ ಕ್ಷಮೆಯ ದಾರಿ ಇದೆಯೋ, ದಾಖಲೆ ಅಳಿಸಬಹುದೋ ಎಂಬ ಪ್ರಶ್ನೆಗಳಿಗೆ ರಾಜ್ಯ ರಾಜ್ಯಕ್ಕೂ ಬೇರೆ ಉತ್ತರ. ಹೆಸರು ಕೂಡ ಒಂದಲ್ಲ: ಪೆನ್ಸಿಲ್ವೇನಿಯಾದಲ್ಲಿ ಡಿಯುಐ, ನ್ಯೂಜೆರ್ಸಿಯಲ್ಲಿ ಡಿಡಬ್ಲ್ಯುಐ, ವಿಸ್ಕಾನ್ಸಿನ್‌ನಲ್ಲಿ ಒಡಬ್ಲ್ಯುಐ.

ಈ ದಡದಲ್ಲಿ

ಪೆನ್ಸಿಲ್ವೇನಿಯಾದಲ್ಲಿ ಡಿಯುಐ ಕ್ರಿಮಿನಲ್ ಅಪರಾಧ. ಮದ್ಯದ ಪ್ರಮಾಣದ ಮೇಲೆ ಮೂರು ಮೆಟ್ಟಿಲು: 0.08ರಿಂದ 0.10ರ ಒಳಗೆ, 0.10ರಿಂದ 0.16ರ ಒಳಗೆ, 0.16 ಮತ್ತು ಮೇಲೆ. ಈತ 0.11ರಿಂದಾಗಿ ಎರಡನೇ ಮೆಟ್ಟಿಲಿಗೆ ಬಂದ. 0.09 ಬಂದಿದ್ದರೆ ಮೊದಲ ಸಲದ ಶಿಕ್ಷೆ ಆರು ತಿಂಗಳ ಪ್ರೊಬೇಷನ್ (ಜೈಲಿಲ್ಲದೆ ನಿಗಾದಲ್ಲಿರುವುದು), 300 ಡಾಲರ್ ದಂಡ, ಲೈಸೆನ್ಸಿಗೆ ತೊಂದರೆಯೇ ಇಲ್ಲ. ಎರಡನೇ ಮೆಟ್ಟಿಲಿನಲ್ಲಿ ಅಪರಾಧ ಸಾಬೀತಾದರೆ ಕನಿಷ್ಠ 48 ಗಂಟೆ ಜೈಲು, ಗರಿಷ್ಠ ಆರು ತಿಂಗಳು, 500ರಿಂದ 5,000 ಡಾಲರ್ ದಂಡ, 12 ತಿಂಗಳು ಲೈಸೆನ್ಸ್ ಅಮಾನತು.

ಆದರೆ ಮೊದಲ ಸಲದವರಿಗೆ ಇಲ್ಲೊಂದು ಬಾಗಿಲಿದೆ, ಎಆರ್‌ಡಿ. ಪೂರ್ತಿ ಹೆಸರು ಆಕ್ಸಿಲರೇಟೆಡ್ ರಿಹ್ಯಾಬಿಲಿಟೇಟಿವ್ ಡಿಸ್ಪೊಸಿಷನ್. ಕೋರ್ಟಿನಲ್ಲಿ ಯಾರೂ ಅಷ್ಟುದ್ದ ಹೇಳುವುದಿಲ್ಲ. ತಪ್ಪೊಪ್ಪಿಗೆ ಬೇಡ, ತೀರ್ಪೂ ಇಲ್ಲ. ಕೇಸನ್ನು ಪಕ್ಕಕ್ಕಿಟ್ಟು ಆರು ತಿಂಗಳಿಂದ ಒಂದು ವರ್ಷದವರೆಗೆ ನಿಗಾದಲ್ಲಿ ಇಡುತ್ತಾರೆ. ಕುಡಿತದ ಅಭ್ಯಾಸದ ಮೌಲ್ಯಮಾಪನ, ಹನ್ನೆರಡೂವರೆ ಗಂಟೆಯ ಸುರಕ್ಷತಾ ಶಾಲೆ, ಶುಲ್ಕಗಳು. 0.10 ಒಳಗಿದ್ದರೆ ಲೈಸೆನ್ಸ್ ಅಮಾನತಿಲ್ಲ, 0.10ರಿಂದ 0.16ರ ಒಳಗಾದರೆ 30 ದಿನ. ಅದಕ್ಕೂ ಮೇಲಾದರೆ 60 ದಿನ. ಎಲ್ಲ ಮುಗಿಸಿದರೆ ಕೇಸು ವಜಾ, ಮೇಲೆ ದಾಖಲೆ ಅಳಿಸಲು ಆದೇಶ.

ಬಾಗಿಲು ಎಲ್ಲರಿಗೂ ತೆರೆದಿರುವುದಿಲ್ಲ. ಹತ್ತು ವರ್ಷದೊಳಗೆ ಇನ್ನೊಂದು ಡಿಯುಐ ಇದ್ದರೆ ಇಲ್ಲ. ಅಪಘಾತದಲ್ಲಿ ಬೇರೆಯವರಿಗೆ ತೀವ್ರ ಗಾಯವೋ ಸಾವೋ ಆಗಿದ್ದರೆ ಇಲ್ಲ. ಕಾರಿನಲ್ಲಿ 14 ವರ್ಷದೊಳಗಿನ ಮಗು ಇದ್ದರೂ ಇಲ್ಲ. ಒಂಬತ್ತೂವರೆಗೆ ನಿದ್ದೆ ಬಂದ ಮಗಳು ಅಪ್ಪನಿಗೆ ಮಾಡಿದ ಉಪಕಾರ ಇದು. ಪಾರ್ಟಿ ಮುಗಿಸಿ ಹೆಂಡತಿ–ಮಕ್ಕಳನ್ನು ಕೂರಿಸಿಕೊಂಡು ಮೆಲ್ಲಗೆ ಓಡಿಸಿಕೊಂಡು ಹೋಗುವುದೇ ಜವಾಬ್ದಾರಿ ಎಂದು ನಂಬಿದ ಗಂಡಸರು ನಮ್ಮಲ್ಲಿ ಕಡಿಮೆಯಿಲ್ಲ. ಕಾನೂನಿಗೆ ಆ ಹಿಂದಿನ ಸೀಟೇ ದೊಡ್ಡ ಅಪರಾಧ, ಮತ್ತು ಇಲ್ಲಿ ನಾನು ಕಾನೂನಿನ ಕಡೆ.

ಡೊಯ್ಲ್ಸ್‌ಟೌನ್‌ನಲ್ಲಿರುವ ಬಕ್ಸ್ ಕೌಂಟಿ ಕೋರ್ಟಿನ ಮೂಲಕ ಈತ ಎಆರ್‌ಡಿಗೆ ಸೇರಿದ. ಆದರೆ ಅಳಿಸಿದ ಮೇಲೂ ರಾಜ್ಯದ ಸಾರಿಗೆ ಇಲಾಖೆ ಎಆರ್‌ಡಿಯ ಮಾಹಿತಿಯನ್ನು ಹತ್ತು ವರ್ಷ ಇಟ್ಟುಕೊಳ್ಳುತ್ತದೆ. ಮತ್ತೊಮ್ಮೆ ಸಿಕ್ಕಿಬಿದ್ದರೆ ಗೊತ್ತಾಗಬೇಕಲ್ಲ.

ಆ ದಡದಲ್ಲಿ ಆಗಿದ್ದರೆ

ಸೇತುವೆಗೆ ಮೊದಲೇ, ಯೂಯಿಂಗ್‌ನಲ್ಲಿ ನಿಲ್ಲಿಸಿದ್ದರೆ ನ್ಯೂಜೆರ್ಸಿಯ 39:4-50ನೇ ಕಲಂ. ಅಲ್ಲಿ ಡಿಡಬ್ಲ್ಯುಐ ಅಪರಾಧವೇ ಅಲ್ಲ, ಸಂಚಾರ ಉಲ್ಲಂಘನೆ. ಊರ ಮುನಿಸಿಪಲ್ ಕೋರ್ಟಿನ ನ್ಯಾಯಾಧೀಶರೊಬ್ಬರೇ ವಿಚಾರಣೆ ಮಾಡುತ್ತಾರೆ, ಜ್ಯೂರಿ ಇಲ್ಲ. ಕೆಲಸದ ಅರ್ಜಿಯಲ್ಲಿ "ಯಾವುದಾದರೂ ಅಪರಾಧದಲ್ಲಿ ಶಿಕ್ಷೆಯಾಗಿದೆಯೇ?" ಎಂದು ಕೇಳಿದರೆ ಅಷ್ಟರಿಂದಲೇ ಹೌದು ಎನ್ನಬೇಕಾಗಿಲ್ಲ.

ಕೇಳಲು ಹಗುರ. ಶಿಕ್ಷೆ ನೋಡಿ: 0.10ರಿಂದ 0.15ರ ಒಳಗಿನ ಮೊದಲ ಸಲಕ್ಕೆ 300ರಿಂದ 500 ಡಾಲರ್ ದಂಡ, 12ರಿಂದ 48 ಗಂಟೆ ತರಬೇತಿ ಕೇಂದ್ರ, ನ್ಯಾಯಾಧೀಶರು ಬಯಸಿದರೆ 30 ದಿನದವರೆಗೆ ಜೈಲು. ಏಳು ತಿಂಗಳಿಂದ ಒಂದು ವರ್ಷ ಕಾರಿಗೆ ಇಂಟರ್‌ಲಾಕ್ ಎಂಬ, ಊದಿ ಪಾಸಾದರೆ ಮಾತ್ರ ಗಾಡಿ ಸ್ಟಾರ್ಟ್ ಆಗಲು ಬಿಡುವ ಯಂತ್ರ. ಜೊತೆಗೆ ವರ್ಷಕ್ಕೆ 1,000 ಡಾಲರ್‌ನಂತೆ ಮೂರು ವರ್ಷ ಸರ್‌ಚಾರ್ಜ್. ಎಆರ್‌ಡಿಯಂಥ ಬಾಗಿಲು ಇಲ್ಲ. 2024ರ ಫೆಬ್ರವರಿವರೆಗೆ ಸರ್ಕಾರಿ ವಕೀಲರ ಜೊತೆ ಆರೋಪ ತಗ್ಗಿಸಿಕೊಳ್ಳುವ ಮಾತುಕತೆಗೂ ಅವಕಾಶವಿರಲಿಲ್ಲ, ಈಗ ಇದೆ.

ಮತ್ತು ದಾಖಲೆ? ಎಂದಿಗೂ ಅಳಿಯುವುದಿಲ್ಲ. ನ್ಯೂಜೆರ್ಸಿಯಲ್ಲಿ ದಾಖಲೆ ಅಳಿಸುವ ಕಾಯ್ದೆ ಇರುವುದು ಅಪರಾಧಗಳಿಗೆ. ಡಿಡಬ್ಲ್ಯುಐ ಅಪರಾಧವಲ್ಲದ ಕಾರಣ ಆ ಕಾಯ್ದೆ ಅದನ್ನು ಮುಟ್ಟುವುದೇ ಇಲ್ಲ. ಹತ್ತು ವರ್ಷ ಸುಮ್ಮನಿದ್ದು ಎರಡನೇ ಸಲ ಸಿಕ್ಕಿಬಿದ್ದರೆ ಶಿಕ್ಷೆಯನ್ನು ಮೊದಲ ಸಲದ್ದೆಂದು ಲೆಕ್ಕ ಹಾಕುತ್ತಾರೆ, ಅಷ್ಟೇ ರಿಯಾಯಿತಿ.

ಹೀಗೆ ಅಪರಾಧ ಎಂದು ಕರೆಯುವ ರಾಜ್ಯ ಅಳಿಸಲು ಬಿಡುತ್ತದೆ, ಅಪರಾಧವಲ್ಲ ಎನ್ನುವ ರಾಜ್ಯ ಜೀವಮಾನ ಪೂರ್ತಿ ಉಳಿಸಿಕೊಳ್ಳುತ್ತದೆ. ಇದರಲ್ಲಿ ತರ್ಕ ಹುಡುಕಿ ಪ್ರಯೋಜನವಿಲ್ಲ. ಎರಡೂ ಕಾಯ್ದೆಗಳನ್ನು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಒತ್ತಡದಲ್ಲಿ, ಒಂದು ಇನ್ನೊಂದನ್ನು ನೋಡದೆ ತೇಪೆ ಹಚ್ಚುತ್ತ ಬಂದಿದ್ದಾರೆ.

ಉಳಿದ ಕಡೆಯ ಕಥೆಯೂ ಹೀಗೇ ಚೆಲ್ಲಾಪಿಲ್ಲಿ. ವಿಸ್ಕಾನ್ಸಿನ್‌ನಲ್ಲಿ ಮೊದಲ ಸಲದ್ದು ಸಾಮಾನ್ಯವಾಗಿ ಸಿವಿಲ್ ದಂಡ, ಜೈಲಿಲ್ಲ. ಫ್ಲೋರಿಡಾದಲ್ಲಿ ತಪ್ಪು ಸಾಬೀತಾದರೆ ಶಿಕ್ಷೆಯ ದಾಖಲೆಯನ್ನು ತಡೆಹಿಡಿಯುವ ಅಧಿಕಾರ ನ್ಯಾಯಾಧೀಶರಿಗೇ ಇಲ್ಲ, ಚಾಲನಾ ದಾಖಲೆಯಲ್ಲಿ ಅದು 75 ವರ್ಷ ಇರುತ್ತದೆ. ಜಾರ್ಜಿಯಾದಲ್ಲೂ ಡಿಯುಐ ಶಿಕ್ಷೆಯನ್ನು ಮರೆಮಾಡಲು ದಾರಿಯಿಲ್ಲ. ಟೆಕ್ಸಸ್ 2017ರಲ್ಲಿ ಸ್ವಲ್ಪ ಮೆತ್ತಗಾಯಿತು: ಮೊದಲ ಸಲ, 0.15ಕ್ಕಿಂತ ಕಡಿಮೆ, ಬೇರೆಯವರಿಗೆ ಅಪಘಾತವಿಲ್ಲ ಎಂದಾದರೆ ಕಾಯಬೇಕಾದಷ್ಟು ವರ್ಷ ಕಾದು ದಾಖಲೆಯನ್ನು ಸಾರ್ವಜನಿಕರ ಕಣ್ಣಿನಿಂದ ಮುಚ್ಚಿಸಬಹುದು. ಕ್ಯಾಲಿಫೋರ್ನಿಯಾದಲ್ಲಿ ಪ್ರೊಬೇಷನ್ ಮುಗಿಸಿ 1203.4ನೇ ಕಲಂನಡಿ ಕೇಸು ವಜಾ ಮಾಡಿಸಿಕೊಳ್ಳಬಹುದು, ಆದರೆ ಹತ್ತು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ ಆ ವಜಾ ಆದ ಕೇಸೇ ಎದ್ದು ಬಂದು ಲೆಕ್ಕಕ್ಕೆ ಸೇರುತ್ತದೆ. ಒಂದು ರಾಜ್ಯದಲ್ಲಿ ಸಿಕ್ಕಿಬಿದ್ದು ಇನ್ನೊಂದಕ್ಕೆ ಮನೆ ಬದಲಿಸಿದರೆ ತಪ್ಪಿಸಿಕೊಳ್ಳಬಹುದು ಅಂದುಕೊಳ್ಳಬೇಡಿ. ಬಹುತೇಕ ರಾಜ್ಯಗಳು ಲೈಸೆನ್ಸ್ ಮಾಹಿತಿ ಹಂಚಿಕೊಳ್ಳುವ ಒಪ್ಪಂದದಲ್ಲಿವೆ. ಒಪ್ಪಂದದಲ್ಲಿಲ್ಲದ ಕೆಲವನ್ನೂ ರಾಷ್ಟ್ರೀಯ ಚಾಲಕರ ಪಟ್ಟಿ ಬಿಡುವುದಿಲ್ಲ.

ಕೋರ್ಟಿಗಿಂತ ಮೊದಲು ಬಂದ ಇಮೇಲ್

ಎಆರ್‌ಡಿ ಅರ್ಜಿ ಇನ್ನೂ ಕೌಂಟಿ ಕಚೇರಿಯಲ್ಲಿರುವಾಗಲೇ ಚೆನ್ನೈನ ಅಮೆರಿಕನ್ ಕಾನ್ಸುಲೇಟಿನಿಂದ ಇಮೇಲ್ ಬಂತು: ನಿಮ್ಮ ವೀಸಾ ರದ್ದಾಗಿದೆ. ಈತ ಮೊದಲು ಅದನ್ನು ಮೋಸದ ಮೇಲ್ ಅಂದುಕೊಂಡ. ಬಂಧನದ ರಾತ್ರಿಯ ಬೆರಳಚ್ಚು ಎಫ್‌ಬಿಐ ಕಡತಕ್ಕೆ ಹೋಗಿ, ಅಲ್ಲಿಂದ ವಿದೇಶಾಂಗ ಇಲಾಖೆಗೆ ಸುದ್ದಿ ಮುಟ್ಟಿತ್ತು. 2015ರಿಂದ ಇರುವ ನಿಯಮದ ಪ್ರಕಾರ ಐದು ವರ್ಷದೊಳಗೆ ಕುಡಿದು ಗಾಡಿ ಓಡಿಸಿದ ಬಂಧನವೋ ಶಿಕ್ಷೆಯೋ ಇದ್ದರೆ ವೀಸಾ ರದ್ದು ಮಾಡಬಹುದು. ಬಂಧನ ಸಾಕು, ತೀರ್ಪಿಗೆ ಕಾಯಬೇಕಿಲ್ಲ.

ಇಲ್ಲಿ ಜನ ಗಾಬರಿಯಲ್ಲಿ ತಪ್ಪು ಹೆಜ್ಜೆ ಇಡುತ್ತಾರೆ. ವೀಸಾ ಎಂದರೆ ಒಳಗೆ ಬರಲು ಬಾಗಿಲಲ್ಲಿ ತೋರಿಸುವ ಚೀಟಿ. ಒಳಗಿರುವ ಹಕ್ಕು ನಿಂತಿರುವುದು ಐ-94 ಎಂಬ ಪ್ರವೇಶ ದಾಖಲೆಯ ಮೇಲೆ. ವೀಸಾ ರದ್ದಾದರೂ ಎಚ್-1ಬಿ ಕೆಲಸ ಮುಂದುವರಿಯುತ್ತದೆ, ಅವಧಿ ವಿಸ್ತರಣೆಗೂ ಅರ್ಜಿ ಹಾಕಬಹುದು. ಆದರೆ ಒಮ್ಮೆ ದೇಶ ಬಿಟ್ಟರೆ ಹೊಸ ವೀಸಾ ಇಲ್ಲದೆ ವಾಪಸ್ ಬರುವಂತಿಲ್ಲ. ಹೊಸ ವೀಸಾಗೆ ಕಾನ್ಸುಲೇಟ್ ನೇಮಿಸಿದ ವೈದ್ಯರ ತಪಾಸಣೆ ಆಗಬೇಕು. ಐದು ವರ್ಷದಲ್ಲಿ ಒಂದು ಬಂಧನ, ಅಥವಾ ಹತ್ತು ವರ್ಷದಲ್ಲಿ ಎರಡು ಇದ್ದರೆ ಅಲ್ಲಿಗೆ ಕಳಿಸಲೇಬೇಕು. ಇದು ಚಟ, ಅದರಿಂದ ಬೇರೆಯವರಿಗೆ ಅಪಾಯ ಎಂದು ವೈದ್ಯರು ಬರೆದರೆ ಅದರಿಂದ ಹೊರಬಂದು ಕನಿಷ್ಠ 12 ತಿಂಗಳಾಗಿದೆ ಎಂದು ತೋರಿಸುವವರೆಗೆ ವೀಸಾ ಇಲ್ಲ.

ಆ ಡಿಸೆಂಬರಿನಲ್ಲಿ ದಾವಣಗೆರೆಯಲ್ಲಿ ತಂಗಿಯ ಮದುವೆ. "ಟಿಕೆಟ್ ಮಾಡ್ಸಿದೇನಪ್ಪ?" ಎಂದು ಅಮ್ಮ ಪ್ರತಿ ವಾರ ಕೇಳುತ್ತಿದ್ದರು. "ಆಫೀಸಲ್ಲಿ ರಿಲೀಸ್ ಐತಮ್ಮ, ನೋಡ್ತೀನಿ" ಎಂದು ಈತ. ಹೆಂಡತಿ ಮಗಳನ್ನು ಕರೆದುಕೊಂಡು ಹೋದಳು. ಅವಳದು ಬೇರೆ ವೀಸಾ, ಅದು ರದ್ದಾಗಿರಲಿಲ್ಲ.

ಇದು ಅಪರೂಪದ ಕಥೆ ಅಲ್ಲ. 2025ರ ಜನವರಿಯಿಂದ ನವೆಂಬರ್‌ವರೆಗೆ ಸುಮಾರು 80,000 ವೀಸಾ ರದ್ದಾಗಿದ್ದವೆಂದೂ, ಅವುಗಳಲ್ಲಿ ಸುಮಾರು 16,000 ಕುಡಿದು ಗಾಡಿ ಓಡಿಸಿದ ಕಾರಣಕ್ಕೆಂದೂ ಅಮೆರಿಕದ ಅಧಿಕಾರಿಗಳನ್ನು ಉಲ್ಲೇಖಿಸಿ ವರದಿಯಾಗಿತ್ತು.

ಅಳಿಸುವ ಮೊದಲು

ಎಆರ್‌ಡಿ ಮುಗಿಯಿತು. ಸ್ಥಳೀಯ ಕ್ರಿಮಿನಲ್ ವಕೀಲರು ಸಹಜವಾಗಿಯೇ ಹೇಳಿದರು: ಈಗಲೇ ಅಳಿಸಿಬಿಡೋಣ. ವಲಸೆ ವಕೀಲೆ ತಡೆದರು. ಈ ಪ್ರಕರಣದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಈ ತಡೆದ ಗಳಿಗೆ.

ಕಾರಣ ಇದು. ರಾಜ್ಯ ಅಳಿಸುವುದು ರಾಜ್ಯದ ಲೆಕ್ಕದಲ್ಲಿ. ಬಾಡಿಗೆ ಮನೆಯವರು, ಕಂಪನಿಯ ಹಿನ್ನೆಲೆ ತಪಾಸಣೆಯವರು ನೋಡಿದರೆ ಏನೂ ಕಾಣುವುದಿಲ್ಲ. ವಲಸೆ ಕಾನೂನು ಕೇಂದ್ರದ್ದು. ರಾಜ್ಯಗಳ ಇಂಥ ಅಳಿಸುವಿಕೆಯಿಂದ ವಲಸೆ ಲೆಕ್ಕದಲ್ಲಿ ಶಿಕ್ಷೆ ಇಲ್ಲವಾಗುವುದಿಲ್ಲ ಎಂದು ವಲಸೆ ಮೇಲ್ಮನವಿ ಮಂಡಳಿ 1999ರ ರೋಲ್ಡನ್ ಪ್ರಕರಣದಲ್ಲೇ ಹೇಳಿದೆ. ವೀಸಾಗೆ ತುಂಬುವ ಡಿಎಸ್-160 ಅರ್ಜಿ ಕೇಳುವುದು "ಎಂದಾದರೂ ಬಂಧನವಾಗಿದೆಯೇ?" ಎಂದು, ಕ್ಷಮೆ ಸಿಕ್ಕಿದ್ದರೂ ಹೇಳಬೇಕು. ಗ್ರೀನ್ ಕಾರ್ಡ್, ಪೌರತ್ವದ ಅರ್ಜಿಗಳಲ್ಲೂ ಇದೇ ಪ್ರಶ್ನೆ. ಹೌದು ಎಂದ ಮೇಲೆ ಕೇಸು ಹೇಗೆ ಮುಗಿಯಿತು ಎಂಬುದಕ್ಕೆ ಕೋರ್ಟಿನ ದೃಢೀಕೃತ ಪ್ರತಿ ಕೇಳುತ್ತಾರೆ. ದಾಖಲೆ ಅಳಿಸಿದ ಮೇಲೆ ಕೋರ್ಟ್ ಗುಮಾಸ್ತರ ಬಳಿ ಕೊಡಲು ಏನೂ ಇರುವುದಿಲ್ಲ! ಎಫ್‌ಬಿಐ ಕಡತದಲ್ಲಿ ಬಂಧನ ಕಾಣುತ್ತದೆ, ಅದು ಒಳ್ಳೆಯದಾಗಿ ಮುಗಿದದ್ದಕ್ಕೆ ಸಾಕ್ಷಿ ಮಾತ್ರ ಕೈಯಲ್ಲಿರುವುದಿಲ್ಲ. ನೂರಾರು ಡಾಲರ್ ಕೊಟ್ಟು ತನ್ನ ಪರವಾದ ಕಾಗದವನ್ನು ತಾನೇ ಸುಟ್ಟ ಹಾಗೆ.

ಈತನಿಗೆ ಇನ್ನೊಂದು ಅದೃಷ್ಟವಿತ್ತು, ಅದೂ ರಾಜ್ಯದಿಂದ ಬಂದದ್ದು. ಕೋರ್ಟಿನ ತೀರ್ಪಿಲ್ಲದ ಕೇಸನ್ನು ವಲಸೆ ಕಾನೂನಿನಲ್ಲಿ ಶಿಕ್ಷೆ (ಕನ್ವಿಕ್ಷನ್) ಎಂದು ಎಣಿಸಬೇಕಾದರೆ ತಪ್ಪೊಪ್ಪಿಗೆ ಅಥವಾ ತಪ್ಪನ್ನು ಸಾಬೀತುಪಡಿಸುವಷ್ಟು ಸಂಗತಿಗಳ ಒಪ್ಪಿಗೆ ಇರಬೇಕು, ಮೇಲೆ ಏನಾದರೂ ದಂಡನೆ ಇರಬೇಕು. ಎಆರ್‌ಡಿಯಲ್ಲಿ ತಪ್ಪೊಪ್ಪಿಗೆ ಇಲ್ಲದ ಕಾರಣ ಅದು ಸಾಮಾನ್ಯವಾಗಿ ಈ ಲೆಕ್ಕಕ್ಕೆ ಬರುವುದಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಹೀಗಲ್ಲ. ಅಲ್ಲಿ ಮೊದಲ ಸಲದವರಿಗೆ "ತೀರ್ಪಿಲ್ಲದೆ ಮುಂದೂಡಿಕೆ" ಎಂಬ ವ್ಯವಸ್ಥೆ ಇದೆ. ಅದಕ್ಕೆ ಸಂಗತಿಗಳನ್ನು ಒಪ್ಪಿಕೊಳ್ಳಬೇಕು, ಪ್ರೊಬೇಷನ್ ಇರುತ್ತದೆ. ರಾಜ್ಯದ ಪಾಲಿಗೆ ಶಿಕ್ಷೆಯಲ್ಲ, ವಲಸೆ ಇಲಾಖೆಯ ಪಾಲಿಗೆ ಶಿಕ್ಷೆ. ಇಲಿನಾಯ್‌ನಲ್ಲಿ ತಪ್ಪೊಪ್ಪಿಕೊಂಡು ಪಡೆಯುವ ಕೋರ್ಟ್ ಸೂಪರ್ವಿಷನ್ ಕೂಡ ಹಾಗೇ. ಬಾಸ್ಟನ್ನಿನಲ್ಲೋ ನೇಪರ್ವಿಲ್ಲಿನಲ್ಲೋ ಇರುವ ಕನ್ನಡಿಗನಿಗೆ ಅಲ್ಲಿಯ ವಕೀಲರು "ಇದು ಕನ್ವಿಕ್ಷನ್ ಅಲ್ಲ, ಸಹಿ ಹಾಕಿ" ಎಂದರೆ ಅವರು ಸುಳ್ಳು ಹೇಳುತ್ತಿಲ್ಲ. ತಮ್ಮ ರಾಜ್ಯದ ಮಟ್ಟಿಗೆ ಹೇಳುತ್ತಿದ್ದಾರೆ. ಗಡೀಪಾರಿನ ಅಪಾಯವಿದ್ದರೆ ಕಕ್ಷಿದಾರನಿಗೆ ತಿಳಿಸುವುದು ಕ್ರಿಮಿನಲ್ ವಕೀಲರ ಕರ್ತವ್ಯ ಎಂದು 2010ರಲ್ಲಿ ಪಡಿಲಾ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದೆ. ಅಪಘಾತ, ಗಾಯ ಯಾವುದೂ ಇಲ್ಲದ ಒಂದೇ ಒಂದು ಡಿಯುಐ ಸಾಮಾನ್ಯವಾಗಿ ಗಡೀಪಾರಿನ ಕಾರಣವಲ್ಲ, ಆದ್ದರಿಂದ ವೀಸಾ ರದ್ದಾಗುವ ಮಾತು ಎಷ್ಟೋ ವಕೀಲರ ಬಾಯಿಗೆ ಬರುವುದೇ ಇಲ್ಲ.

ಪೌರತ್ವದ ಮಾತಿಗೆ ಬಂದರೆ, ಒಳ್ಳೆಯ ನಡತೆ ಪರಿಶೀಲಿಸುವ ಅವಧಿಯಲ್ಲಿ ಎರಡು ಡಿಯುಐ ಶಿಕ್ಷೆ ಇದ್ದರೆ ನಡತೆ ಸರಿಯಿಲ್ಲ ಎಂದೇ ಮೊದಲು ಭಾವಿಸಬೇಕೆಂದು 2019ರಲ್ಲಿ ಅಟಾರ್ನಿ ಜನರಲ್ ನಿರ್ಧರಿಸಿದ್ದಾರೆ. ಮೊದಲನೆಯದನ್ನು ರಾಜ್ಯ ಅಳಿಸಿದೆ ಎಂಬ ಧೈರ್ಯ ಇಲ್ಲಿ ನಡೆಯುವುದಿಲ್ಲ.

ವಲಸೆ ವಕೀಲೆ ಮಾಡಿಸಿದ ಕೆಲಸ ಸರಳ. ಪೊಲೀಸ್ ವರದಿ, ಆರೋಪಪಟ್ಟಿ, ಎಆರ್‌ಡಿಗೆ ಸೇರಿಸಿದ ಆದೇಶ, ಮುಗಿಸಿದ ಪ್ರಮಾಣಪತ್ರ, ವಜಾ ಆದೇಶ, ಪ್ರತಿಯೊಂದಕ್ಕೂ ಕೋರ್ಟಿನ ಮುದ್ರೆ ಒತ್ತಿದ ಎರಡೆರಡು ಪ್ರತಿ ತೆಗೆಸಿದರು. ಸುರಕ್ಷತಾ ಶಾಲೆಯ ರಸೀದಿಯನ್ನೂ ಬಿಡಲಿಲ್ಲ. ಆಮೇಲೆ ಅಳಿಸುವ ಅರ್ಜಿಗೆ ಸಹಿ.

ಮರುವರ್ಷ, ವೀಸಾ ಎರಡು ತಿಂಗಳು ತಡವಾದರೂ ಸಂಸಾರ ನಡೆಯುವಷ್ಟು ಉಳಿತಾಯ ಮಾಡಿಕೊಂಡು, ಮ್ಯಾನೇಜರ್ ಒಪ್ಪಿಗೆ ಪಡೆದು ಈತ ಊರಿಗೆ ಬಂದ. ಡಿಎಸ್-160ರಲ್ಲಿ ಬಂಧನದ ಪ್ರಶ್ನೆಗೆ ಹೌದು ಎಂದ. ಕಾನ್ಸುಲೇಟಿನ ಕಿಟಕಿಯಲ್ಲಿ ವೀಸಾ ಸದ್ಯಕ್ಕೆ ತಡೆಹಿಡಿದಿದೆ ಎನ್ನುವ 221(ಜಿ) ಕಾಗದ ಕೊಟ್ಟು ವೈದ್ಯರ ಬಳಿ ಕಳಿಸಿದರು. ವಾರಕ್ಕೆ ಎಷ್ಟು ಕುಡಿಯುತ್ತೀರಿ, ಯಾವಾಗ ಶುರು ಮಾಡಿದಿರಿ, ಮನೆಯಲ್ಲಿ ಜಗಳ ಆಗುತ್ತದೆಯೇ ಎಂದು ವೈದ್ಯರು ಕೇಳಿದರು, ರಕ್ತ ತೆಗೆದರು, ಸುರಕ್ಷತಾ ಶಾಲೆಯ ಪ್ರಮಾಣಪತ್ರ ನೋಡಿದರು. ಕೆಲವು ವಾರ ಕಾದ ಮೇಲೆ ವೀಸಾ ಬಂತು. ಬಂಧನವಾಗಿ ಐದು ವರ್ಷ ತುಂಬಿದ ಮೇಲೆ, ಮತ್ತೇನೂ ಆಗದಿದ್ದರೆ, ಈ ಕಾರಣಕ್ಕೆ ವೈದ್ಯರ ಬಳಿ ಕಳಿಸುವ ಕಡ್ಡಾಯ ಇರುವುದಿಲ್ಲ. ಬಂಧನದ ಪ್ರಶ್ನೆಗೆ ಉತ್ತರ ಆಗಲೂ ಹೌದು ಎಂದೇ, ಆ ಫೈಲೂ ಜೊತೆಗಿರಬೇಕು.